ತೆಗೆಯಬಾರದ ಪ್ಯಾಕೇಜ್

ಭಾವ ಸುಳ್ಳು ಹೇಳಿದರೇ?

ಹೇಳಿರಲಾರರು. ಅಕ್ಕನ ಗಂಡ. ನನಗೆ ಗಾಡಿ ಓಡಿಸಲು ಕಲಿಸಿದವರು. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ನಿಲ್ಲುವ ಮನುಷ್ಯ.

ಆದರೆ... ಹೇಳಿದ್ದರೆ?

"ವೈ ಒತ್ತೋ!"

ಕತ್ತಿನ ಹಿಂಭಾಗಕ್ಕೆ ತಣ್ಣನೆಯ ಕಬ್ಬಿಣ ತಾಗಿತು. ಗಾಡಿಯ ಟೈರು ಬಿಚ್ಚುವಾಗ ಜ್ಯಾಕಿಗೆ ಹಾಕುವ ರಾಡು. ಅದನ್ನು ಹಿಡಿದ ಮ್ಯಾನೇಜರನ ಆಳನ್ನು ಆ ಕಟ್ಟಡದಲ್ಲಿ ಎಲ್ಲರೂ ಜ್ಯಾಕ್ ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಅವನ ತಾಯಿಗಾದರೂ ನೆನಪಿತ್ತೋ ಇಲ್ಲವೋ!

ನನ್ನ ಮುಂದೆ ಕಪ್ಪು ಸ್ಕ್ರೀನ್. ಅದರ ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ. ಮುಂದುವರಿಯಲೇ? ವೈ ಅಥವಾ ಎನ್.

"ಒತ್ತಲ್ಲ," ಎಂದೆ.

"ಯಾಕೆ?"

"ಮೇಲಿನ ಸಾಲುಗಳನ್ನ ಓದು."

"ನಂಗೆ ಓದೋಕೆ ಬರಲ್ಲ ಅಂತ ಹಂಗಿಸ್ತೀಯಾ?"

"ಓದೋಕೆ ಬರೋವರೇ ಓದಲ್ಲ. ಅದೇ ತೊಂದರೆ. ಇದನ್ನ ಒತ್ತಿದ್ರೆ ನಿಮ್ಮ ಸಾಹೇಬರ ಮೂರು ಸಾಮಾನು ಹಾರಿಹೋಗುತ್ತೆ. ಹಾರಲಿ ಅಂತೀಯಾ? ಫೋನ್ ಮಾಡಿ ಕೇಳು."

ಜ್ಯಾಕ್ ಫೋನ್ ಮಾಡಿದ. ಸ್ಪೀಕರ್ ಹಾಕಿದ.

"ಬೇಡ!" ಮ್ಯಾನೇಜರನ ದನಿ ಕಿರುಚಿತು. "ಎನ್ ಒತ್ತಿ! ಏನನ್ನೂ ತೆಗೀಬಾರದು ಅಂತ ಹೇಳಿರಲಿಲ್ವೇನ್ರೀ? ಹೊಸದನ್ನ ಹಾಕಿ. ಹಳೇದು ಯಾವುದೂ ಹೋಗಬಾರದು!"

ನಾನು ಎನ್ ಒತ್ತಿದೆ.

ಕತ್ತಿನಿಂದ ಕಬ್ಬಿಣ ದೂರವಾಯಿತು. ನಾನು ಮಾತ್ರ ಆ ದನಿಯನ್ನೇ ಯೋಚಿಸುತ್ತ ಕುಳಿತೆ. ಸರ್ವರ್ ಕೆಟ್ಟಾಗ ಜನ ಸಿಟ್ಟಾಗುತ್ತಾರೆ, ಬೇಡಿಕೊಳ್ಳುತ್ತಾರೆ. ಹೆದರುವುದಿಲ್ಲ.

ಈ ಮನುಷ್ಯ ಹೆದರಿದ್ದ!

*

ಕೇಳಿ. ನನ್ನ ಕಸುಬು ರಿಪೇರಿ. ಲಿನಕ್ಸ್ ಸರ್ವರ್‌ಗಳದ್ದು. ಬೇರೆಯವರು ಅರ್ಧ ಕೆಡಿಸಿ ಓಡಿಹೋದ ಮೇಲೆ ನನ್ನನ್ನು ಕರೆಯುತ್ತಾರೆ. ಕೆಡಿಸಿದವನನ್ನು ಬೈಯುವುದಿಲ್ಲ. ಕರೆದವನನ್ನು ನಂಬುವುದಿಲ್ಲ. ಹಾಗೇ ಬದುಕಿಕೊಂಡು ಬಂದಿದ್ದೇನೆ.

ಇದು ಖಾಸಗಿ ಆಂಬುಲೆನ್ಸ್ ಕಂಪನಿಯ ಕರೆ ಕೋಣೆ. ಊರಿನ ಕರೆಗಳೆಲ್ಲ ಇಲ್ಲಿಗೆ ಬರುತ್ತವೆ. ಯಾವ ಗಾಡಿ ಎಲ್ಲಿದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆ, ಎಲ್ಲವೂ ಒಂದು ಡೇಟಾಬೇಸಿನಲ್ಲಿ. ಆ ಡೇಟಾಬೇಸ್ ಮುದಿಯಾಗಿ ಮಲಗಿತ್ತು. ಹೊಸದನ್ನು ಹಾಕಲು ಬಂದವನೊಬ್ಬ ಜಗಳ ಬಿಡಿಸಲಾಗದೆ ಬ್ಯಾಗು ಬಿಟ್ಟು ಪರಾರಿ.

ಜಗಳ ಎಂದರೆ ಜಗಳವೇ. ಲಿನಕ್ಸಿನಲ್ಲಿ ಪ್ರತಿ ಸಾಫ್ಟ್‌ವೇರೂ ಒಂದು ಪ್ಯಾಕೇಜ್. ಪ್ರತಿ ಪ್ಯಾಕೇಜೂ ಮೊದಲೇ ಹೇಳಿಬಿಡುತ್ತದೆ, ನನಗೆ ಇಂಥವನು ಜೊತೆಗಿರಬೇಕು, ಇಂಥವನು ಇರಬಾರದು ಎಂದು. ಹೊಸ ಡೇಟಾಬೇಸ್ ಹೇಳುತ್ತಿತ್ತು, ಈ ಹಳೆಯ ಲೈಬ್ರರಿ, ಅಂದರೆ ಬೇರೆ ಪ್ಯಾಕೇಜುಗಳು ಎರವಲು ಪಡೆಯುವ ಕೋಡಿನ ಕಟ್ಟು, ಇರುವ ಮನೆಗೆ ನಾನು ಕಾಲಿಡುವುದಿಲ್ಲ. ಸರಿ, ಹಳೆಯದನ್ನು ಕಳಿಸೋಣ ಎಂದರೆ, ಮೂರು ಪ್ಯಾಕೇಜುಗಳು ಅದರ ಕಾಲು ಹಿಡಿದುಕೊಂಡಿದ್ದವು. ಅದು ಹೋದರೆ ಆ ಮೂರೂ ಅದರ ಹಿಂದೆಯೇ ಹೋಗುತ್ತವೆ.

ಮನೆಗಳಲ್ಲೂ ಹೀಗೇ. ಬಿಡಿ.

ನನಗೂ ಆ ಕೋಣೆಗೂ ಇನ್ನೊಂದು ಸಂಬಂಧವಿತ್ತು. ಮ್ಯಾನೇಜರನಿಗೆ ಅದು ಗೊತ್ತಿರಲಿಲ್ಲ.

ಅಲ್ಲಿನ ಮೂರನೇ ನಂಬರ್ ಗಾಡಿಯ ಡ್ರೈವರ್ ನನ್ನ ಭಾವ.

ಸ್ವಲ್ಪ ದಿನಗಳ ಹಿಂದೆ ಎದೆನೋವೆಂದು ಕರೆ ಮಾಡಿದ ಒಬ್ಬ ಅಜ್ಜಿ ಆ ಗಾಡಿಯಲ್ಲೇ ಸತ್ತಳು. ಅವಳ ಮನೆಯ ಹಿಂದಿನ ಬೀದಿಯಲ್ಲೇ ಒಂದು ಆಸ್ಪತ್ರೆ. ಗಾಡಿ ಹೋದದ್ದು ಸೇತುವೆ ದಾಟಿ, ಊರಾಚೆಯ ಇನ್ನೊಂದು ಆಸ್ಪತ್ರೆಗೆ! ಡ್ರೈವರ್ ಕಮಿಷನ್ನಿಗಾಗಿ ತಾನಾಗಿಯೇ ಗಾಡಿ ತಿರುಗಿಸಿದ ಎಂದು ಮ್ಯಾನೇಜರ್ ಪೊಲೀಸರಿಗೆ ಬರೆದುಕೊಟ್ಟ. ಭಾವನನ್ನು ಕೆಲಸದಿಂದ ನಿಲ್ಲಿಸಿದ್ದರು. ಬಂಧಿಸುವುದೊಂದೇ ಬಾಕಿ.

ಭಾವ ಹೇಳಿದ್ದು ಒಂದೇ ಮಾತು. "ಕೋಣೆಯಿಂದ ಹೇಳಿದ್ರು, ನಾನು ಹೋದೆ."

ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. "ಆ ಕಂಪ್ಯೂಟರಿನಲ್ಲಿ ಇರುತ್ತಲ್ವೇನೋ, ಯಾರು ಹೇಳಿದ್ರು ಅಂತ? ನೋಡೋ. ಇವರು ಅಂಥೋರಲ್ಲ ಕಣೋ."

"ನೋಡ್ತೀನಿ ಅಕ್ಕ."

ಇಷ್ಟೇ ಆಡಿದ್ದೆ. ನಮ್ಮ ಮನೆಯಲ್ಲಿ ನಾನು ಮಾತು ಕಮ್ಮಿ. ಅದನ್ನು ಅವರು ಒಳ್ಳೆಯತನ ಎಂದು ತಿಳಿದಿದ್ದಾರೆ.

*

ಕೋಣೆಯ ಇನ್ನೊಂದು ತುದಿಯಲ್ಲಿ ಆಪರೇಟರ್ ಕುಳಿತಿದ್ದಳು. ತಲೆಗೆ ಹೆಡ್‌ಫೋನ್, ಎದುರಿಗೆ ಸತ್ತ ಸ್ಕ್ರೀನ್, ಗೋಡೆಯ ಬೋರ್ಡಿನ ಮೇಲೆ ಗಾಡಿಗಳ ನಂಬರು. ಗಾಡಿ ಎಲ್ಲಿದೆ ಎಂದು ಫೋನಿನಲ್ಲಿ ಒಬ್ಬೊಬ್ಬ ಡ್ರೈವರನನ್ನೂ ಕೇಳಿ ಬೋರ್ಡಿನ ಮೇಲೆ ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ತೋಳಿನ ತುಂಬ ಮಸಿ.

"ಇನ್ನೂ ಎಷ್ಟೊತ್ತಣ್ಣ?" ಎಂದಳು.

"ಆಗುತ್ತೆ."

"ಹಿಂದಿನವರೂ ಹಾಗೇ ಅಂದ್ರು. ಬ್ಯಾಗ್ ಇನ್ನೂ ಇಲ್ಲೇ ಇದೆ."

"ನಾನು ಬ್ಯಾಗ್ ತಂದಿಲ್ಲ."

ನಕ್ಕಳು. ಆ ಹೊತ್ತಿಗೇ ಅವಳ ಫೋನ್ ಹೊಡೆದುಕೊಂಡಿತು. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದ ಗಾರೆಯವನು. ಹತ್ತಿರದ ಗಾಡಿ ಯಾವುದು? ಅವಳಿಗೆ ಗೊತ್ತಿಲ್ಲ. ಒಬ್ಬ ಡ್ರೈವರ್ ಎತ್ತಲಿಲ್ಲ. ಇನ್ನೊಬ್ಬ ಎತ್ತಿದ, ದೂರದಲ್ಲಿದ್ದ. "ಬರ್ತಾ ಇದೆ, ಬರ್ತಾ ಇದೆ, ಅಲುಗಾಡಿಸಬೇಡಿ..." ಎಂದು ಅವಳು ಹೇಳುತ್ತಲೇ ಇದ್ದಳು.

ನಾನು ಕೀಬೋರ್ಡಿನ ಕಡೆ ತಿರುಗಿದೆ.

ಈ ಹಳೆಯ ಲೈಬ್ರರಿ ಯಾರಿಗೆ ಬೇಕು? ಸಿಸ್ಟಮ್ಮನ್ನೇ ಕೇಳಿದೆ. ಅದಕ್ಕೆ ಒಂದು ಕಮಾಂಡ್ ಇದೆ. ಮನುಷ್ಯರನ್ನು ಕೇಳುವುದಕ್ಕಿಂತ ಸುಲಭ.

ಒಂದು, ಮೇಲ್ ಕಳಿಸುವ ಪ್ಯಾಕೇಜ್. ಸರಿ.

ಎರಡು, ರಿಪೋರ್ಟ್ ಪ್ರಿಂಟ್ ಮಾಡುವುದು. ಸರಿ.

ಮೂರು, ಕಾಲ್-ಹೆಲ್ಪರ್.

ಇದ್ಯಾವನು?

"ಕಾಲ್-ಹೆಲ್ಪರ್ ಅಂತ ಏನಾದ್ರೂ ಬಳಸ್ತೀರಾ ಮೇಡಂ?"

"ಹೆಲ್ಪರಾ? ನನಗೆ ಒಬ್ಬ ಹೆಲ್ಪರ್ ಕೊಡಿ ಅಂತ ಕೇಳಿ ಕೇಳಿ ಬಾಯಿ ನೋವು ಬಂತು. ಎಲ್ಲಿದಾನೆ ತೋರಿಸಿ!"

ಜ್ಯಾಕ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ರಾಡಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ. ಅವನಿಗೆ ಸ್ಕ್ರೀನ್ ಕಾಣಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ನಾನು ಪ್ಯಾಕೇಜನ್ನು ಬಿಚ್ಚಿ ನೋಡಿದೆ.

ನಿಮಗೆ ನಿಜ ಹೇಳುತ್ತೇನೆ. ಎಷ್ಟೋ ಕಳ್ಳ ಪ್ರೋಗ್ರಾಮುಗಳನ್ನು ನೋಡಿದ್ದೇನೆ. ಮೂಲೆಯಲ್ಲಿ, ಹೆಸರಿಲ್ಲದೆ, ಹೊಲಸಾಗಿ ಬಿದ್ದಿರುತ್ತವೆ. ಇಷ್ಟು ಅಚ್ಚುಕಟ್ಟಾದ ಕಳ್ಳತನ ನೋಡಿರಲಿಲ್ಲ! ಮಾಡಿದವನು ವಿವರಣೆ ಬರೆದಿದ್ದ. ವರ್ಷನ್ ನಂಬರ್ ಕೊಟ್ಟಿದ್ದ. ಏನೇನು ಬೇಕು ಎಂದು ಒಂದೊಂದೇ ಹೇಳಿದ್ದ. ಕೊನೆಗೆ ತನ್ನ ಡಿಜಿಟಲ್ ಸಹಿಯನ್ನೂ ಒತ್ತಿದ್ದ. ಒಂದು ಫೋಲ್ಡರಿನಲ್ಲಿ ಸುಮ್ಮನೆ ಎಸೆದು ಹೋಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಿಯಮ ಪ್ರಕಾರ ಪ್ಯಾಕೇಜ್ ಮಾಡಿ, ಹಳೆಯ ಲೈಬ್ರರಿ ಬೇಕೆಂದು ನಿಯಮ ಪ್ರಕಾರ ಹೇಳಿದ್ದರಿಂದಲೇ ಜಗಳದಲ್ಲಿ ಅದರ ಹೆಸರು ಮೇಲೆ ಬಂತು. ನಮ್ಮ ಕಸುಬಿನವರು ಮಾತ್ರ ಮಾಡುವ ತಪ್ಪು. ಪಾಪ ಮಾಡುವಾಗಲೂ ಕೆಲಸ ಕೆಡಬಾರದು!

ಅದರ ಕೆಲಸ ಸರಳ. ಕರೆ ಬಂದ ಕೂಡಲೇ, ಆಪರೇಟರಿಗೆ ಕಾಣುವ ಮೊದಲೇ, ವಿಳಾಸವನ್ನು ಸೇತುವೆಯಾಚೆಯ ಆಸ್ಪತ್ರೆಯ ಏಜೆಂಟರ ಮೊಬೈಲಿಗೆ ಕಳಿಸುವುದು. ಹತ್ತಿರದ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲವೆಂದು ತೋರಿಸುವುದು. ಆಮೇಲೆ ಡ್ರೈವರನಿಗೊಂದು ಮೆಸೇಜು. ಆಪರೇಟರ್ ಏನೂ ಹೇಳಿರಲಿಲ್ಲ, ನಿಜ. ಕೋಣೆಯಿಂದ ಆರ್ಡರ್ ಬಂದಿತ್ತು, ಅದೂ ನಿಜ. ಕಳಿಸಿದ್ದು ಈ ಹೆಲ್ಪರ್. ಬರೆಸಿದ್ದು ಮ್ಯಾನೇಜರ್. ಅದರೊಳಗಿನ ಪಟ್ಟಿಯಲ್ಲಿ ಅವನ ನಂಬರ್ ಎಲ್ಲಕ್ಕಿಂತ ಮೇಲಿತ್ತು.

ಹಾಗಾದರೆ ಭಾವ ಬಚಾವ್!

ಹಾಗೆಂದುಕೊಂಡು ಕೆಳಗಿನ ಸಾಲಿಗೆ ಹೋದೆ.

"ಒಪ್ಪಿಕೊಂಡ ಡ್ರೈವರುಗಳು. ಬೇರೆಯವರಿಗೆ ಕಳಿಸಬಾರದು." ಅಚ್ಚುಕಟ್ಟಿನವನ ಟಿಪ್ಪಣಿ. ಅದರ ಕೆಳಗೆ ಎರಡು ಮೊಬೈಲ್ ನಂಬರ್.

ಮೊದಲನೆಯದು ಯಾರದೋ.

ಎರಡನೆಯದನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅಕ್ಕ ಫೋನ್ ಎತ್ತದಿದ್ದಾಗ ಯಾವಾಗಲೂ ಅದಕ್ಕೇ ಮಾಡುತ್ತೇನೆ.

ಏನೂ ಅನ್ನಿಸಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಅದರ ಒಂದು ರೆಕ್ಕೆ ಸ್ವಲ್ಪ ಬಗ್ಗಿದೆ ಎಂದು ಗಮನಿಸಿದೆ.

*

ಒಂದು ಸಾಲು. ಅಳಿಸಿದರೆ ಮುಗಿಯಿತು.

ಆ ಪ್ಯಾಕೇಜಿನ ಮೂಲ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಅದರದೇ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯಿಂದ ಭಾವನ ನಂಬರನ್ನು ತೆಗೆದೆ. ಪರೀಕ್ಷಿಸಿದೆ.

ಸಹಿ ಹೊಂದುತ್ತಿಲ್ಲ.

ಗೊತ್ತಿತ್ತು. ಆದರೂ ಮಾಡಿ ನೋಡಿದೆ. ಸಹಿ ಮಾಡಿದ ಪ್ಯಾಕೇಜಿನಲ್ಲಿ ಒಂದು ಅಂಕೆ ಬದಲಾದರೂ ಅದು ಕೂಗಿ ಹೇಳುತ್ತದೆ, ನನ್ನನ್ನು ಯಾರೋ ಮುಟ್ಟಿದ್ದಾರೆ! ಮುಟ್ಟಿದ ಫೈಲನ್ನು ಪೊಲೀಸರಿಗೆ ಕೊಟ್ಟರೆ ಮ್ಯಾನೇಜರನ ವಕೀಲ ಒಂದೇ ಮಾತಿನಲ್ಲಿ ಅದನ್ನು ಎತ್ತಿ ಎಸೆಯುತ್ತಾನೆ. ಆಗ ಭಾವ ಒಬ್ಬರೇ ಅಪರಾಧಿ. ಮುಟ್ಟದೆ ಕೊಟ್ಟರೆ ಮ್ಯಾನೇಜರ್ ಸಿಕ್ಕಿಬೀಳುತ್ತಾನೆ. ಜೊತೆಗೆ ಭಾವನೂ.

ಕೊಡದಿದ್ದರೆ... ನಾಳೆಯೂ ಗಾಡಿಗಳು ಸೇತುವೆ ದಾಟುತ್ತವೆ.

"ಅಣ್ಣಾ..." ಆಪರೇಟರ್ ಕರೆದಳು. ದನಿ ಸಣ್ಣಗಾಗಿತ್ತು. "ಆ ಗಾರೆಯವನ ಹತ್ರ ಗಾಡಿ ಹೋಯ್ತು. ತಡ ಆಯ್ತಂತೆ."

"ಇದಾನಾ?"

ಅವಳು ಬೋರ್ಡಿನ ಮೇಲಿನ ಒಂದು ಸಾಲನ್ನು ಅಂಗೈಯಿಂದ ಒರೆಸಿದಳು.

ಮೊದಲು ಕೆಲಸ ಮುಗಿಸೋಣ ಎಂದುಕೊಂಡೆ.

ಈ ಜಗಳಕ್ಕೆ ಮದ್ದಿದೆ. ಬಲವಂತ ಮಾಡಬಾರದು. ಅವಲಂಬನೆ ನೋಡಬೇಡ, ಕಿತ್ತು ಹಾಕು ಎಂಬ ಆಯ್ಕೆಯೂ ಇದೆ. ಓಡಿಹೋದವನು ಅದನ್ನೇ ಒಂದು ಸಲ ಮಾಡಿ ಮೇಲ್ ಕೆಡಿಸಿದ್ದ. ಸರಿಯಾದ ದಾರಿ ಬೇರೆ. ಹೊಸ ಡೇಟಾಬೇಸ್ ಮಾಡಿದವರೇ ಇನ್ನೊಂದು ಪುಟ್ಟ ಪ್ಯಾಕೇಜ್ ಕೊಡುತ್ತಾರೆ. ಹಳೆಯ ಲೈಬ್ರರಿಯ ಹೆಸರು ಹಿಡಿದು ಯಾರಾದರೂ ಕರೆದರೆ "ಇದ್ದೀನಿ" ಎಂದು ಓಗೊಡುವುದೇ ಅದರ ಕೆಲಸ. ಹಳೆಯದನ್ನು ತೆಗೆಯುವುದು, ಈ ಬದಲಿಯನ್ನು ಕೂರಿಸುವುದು, ಹೊಸ ಡೇಟಾಬೇಸನ್ನು ಹಾಕುವುದು, ಮೂರನ್ನೂ ಒಂದೇ ಏಟಿಗೆ ಮಾಡಬೇಕು. ನಡುವೆ ಯಾರೂ ಒಂದು ಕ್ಷಣವೂ ಅನಾಥರಾಗುವುದಿಲ್ಲ.

ಕಮಾಂಡ್ ಕೊಟ್ಟೆ. ಪಟ್ಟಿ ಬಂತು. ಒಂದೊಂದೇ ಸಾಲು ಓದಿದೆ. ತೆಗೆಯುವುದು ಒಂದೇ. ಜೊತೆಗೆ ಹೋಗುವವರು ಯಾರೂ ಇಲ್ಲ.

ವೈ.

ಸಾಲುಗಳು ಓಡಿದವು. ನಿಂತವು. ಡೇಟಾಬೇಸನ್ನು ಶುರು ಮಾಡಿದೆ. ಹಳೆಯ ಮಾಹಿತಿಯನ್ನು ತುಂಬಿದೆ.

"ಬಂತು!" ಆಪರೇಟರ್ ಕುರ್ಚಿಯಿಂದಲೇ ಎದ್ದಳು. "ಅಣ್ಣಾ, ಬಂತು! ಎಲ್ಲಾ ಗಾಡಿಗಳೂ ಕಾಣಿಸ್ತಾ ಇವೆ!"

ಕಾಲ್-ಹೆಲ್ಪರ್ ಕೂಡ ಎದ್ದು ಕುಳಿತಿದ್ದ. ಅವನನ್ನು ನಾನು ತೆಗೆಯಲಿಲ್ಲ. ಏನನ್ನೂ ತೆಗೆಯಬಾರದು ಎಂದಿದ್ದರಲ್ಲ? ಅವನ ಸರ್ವಿಸನ್ನು, ಅಂದರೆ ಓಡುತ್ತಿದ್ದ ಕೆಲಸವನ್ನು, ನಿಲ್ಲಿಸಿದೆ. ಅಷ್ಟೇ.

ತಕ್ಷಣ ಒಂದು ಕರೆ. ಹೊಲಿಗೆ ಅಂಗಡಿಯ ಹಿಂದಿನ ಮನೆ. ಮಗುವಿಗೆ ಉಸಿರು ಸಿಗುತ್ತಿಲ್ಲ. ಆಪರೇಟರ್ ಸ್ಕ್ರೀನ್ ನೋಡಿದಳು. ಪಕ್ಕದ ಬೀದಿಯಲ್ಲಿ ಗಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಹಾಸಿಗೆ.

"ಇದೇನು, ಇಲ್ಲಿ ಯಾವಾಗ್ಲೂ ಫುಲ್ ಅಂತ ತೋರಿಸ್ತಿತ್ತು..." ಎಂದು ಗೊಣಗಿದಳು. ಗಾಡಿ ಕಳಿಸಿದಳು.

ಏಜೆಂಟರ ಮೊಬೈಲು ಮಾತ್ರ ಸದ್ದು ಮಾಡಿರಲಿಲ್ಲ. ಗಾಡಿ ಓಡಿದ್ದು ಅವರಿಗೆ ಕಂಡಿದೆ, ಸುದ್ದಿ ಬಂದಿಲ್ಲ. ಅವರು ಮ್ಯಾನೇಜರನಿಗೆ ಫೋನ್ ಮಾಡಿರಬೇಕು. ಮಗು ಆಸ್ಪತ್ರೆ ಸೇರಿತೆಂದು ಆಪರೇಟರ್ ಹೇಳುವಷ್ಟರಲ್ಲಿ ಜ್ಯಾಕ್‌ನ ಫೋನ್ ರಿಂಗಾಯಿತು.

ಅವನು ಕೇಳಿಸಿಕೊಂಡ. ನನ್ನ ಕಡೆ ತಿರುಗಿದ. ಎದ್ದ.

"ಏನೋ ಮಾಡಿದೀಯಂತೆ?"

"ರಿಪೇರಿ."

"ಜೇಬಲ್ಲಿರೋದು ತೆಗಿ!"

"ನಿಮ್ಮ ಸಾಹೇಬರು ಏನನ್ನೂ ತೆಗೀಬಾರ್ದು ಅಂದಿದಾರಲ್ಲಪ್ಪ."

ರಾಡು ಬೀಸಿದ! ಬಗ್ಗಿದೆ. ಹಿಂದಿದ್ದ ಮಾನಿಟರ್ ಸಿಡಿದು ಚೂರಾಯಿತು. ಓಡಿಹೋದವನ ಬ್ಯಾಗನ್ನು ಎತ್ತಿ ಅವನ ಮುಖಕ್ಕೆ ಎಸೆದೆ. ಆಪರೇಟರ್ ಚಕ್ರವಿದ್ದ ತನ್ನ ಆಫೀಸು ಕುರ್ಚಿಯನ್ನು ಕಾಲಿನಿಂದ ಒದ್ದಳು. ಅದು ಉರುಳಿ ಬಂದು ಅವನ ಮೊಣಕಾಲಿಗೆ ಬಡಿಯಿತು.

"ಅಯ್ಯೋ, ಕೈ ತಪ್ಪಿತು!" ಎಂದಳು.

ಓಡಿದೆ. ಕಾರಿಡಾರ್. ಮೆಟ್ಟಿಲು. ಆಕ್ಸಿಜನ್ ಸಿಲಿಂಡರುಗಳ ಸಾಲು. ಗಾಡಿ ತೊಳೆಯುವ ಜಾಗದಲ್ಲಿ ಸೋಪಿನ ನೀರು. ಜಾರಿ ಬಿದ್ದೆ. ಎದ್ದೆ. ಹಿಂದೆ ರಾಡು ಗೋಡೆಗೆ ತಾಗುವ ಸದ್ದು... ಟಣ್... ಟಣ್...

ಗೇಟಿನಾಚೆ ಭಾವ ಸ್ಕೂಟರಿನಲ್ಲಿ ಕಾಯುತ್ತಿದ್ದರು. ಬೆಳಗಿನಿಂದ ಅಲ್ಲೇ ಇದ್ದರಂತೆ. ನಾನು ಬರಹೇಳಿರಲಿಲ್ಲ.

"ಹತ್ತೋ!"

ಹತ್ತಿದೆ. ಹಿಂದೆಯೇ ಬಂದ ಜ್ಯಾಕ್ ರಾಡು ಎಸೆದ. ನನ್ನ ತಲೆಗೆ ಬರಬೇಕಾಗಿತ್ತು. ಭಾವ ಕೈ ಅಡ್ಡ ತಂದರು. ಮೂಳೆಗೆ ತಾಗಿದ ಸದ್ದು ನನಗೂ ಕೇಳಿಸಿತು.

"ಭಾವ!"

"ಗಟ್ಟಿ ಹಿಡ್ಕೋ. ಮಾತಾಡಬೇಡ."

ಹಿಂದೆ ಸೈರನ್ ಎದ್ದಿತು. ಜ್ಯಾಕ್ ಆಂಬುಲೆನ್ಸನ್ನೇ ತಂದಿದ್ದ! ದೀಪ ಮಿನುಗುತ್ತಿತ್ತು, ರಸ್ತೆಯಲ್ಲಿದ್ದವರೆಲ್ಲ ಮರ್ಯಾದೆಯಿಂದ ದಾರಿ ಬಿಡುತ್ತಿದ್ದರು. ಕೊಲ್ಲಲು ಹೊರಟವನಿಗೆ ಅಷ್ಟು ಸಲೀಸಾದ ದಾರಿ ಇನ್ಯಾವ ವಾಹನದಲ್ಲೂ ಸಿಗುವುದಿಲ್ಲ.

ಭಾವ ಕನ್ನಡಿ ನೋಡಿದರು. "ಮೂರನೇ ನಂಬರ್. ನನ್ನ ಗಾಡಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಬ್ರೇಕ್ ಹಾಕಿದ್ರೆ ಬಲಕ್ಕೆ ಎಳೆಯುತ್ತೆ. ಅವನಿಗೆ ಗೊತ್ತಿಲ್ಲ."

ಗುಜರಿ ಅಂಗಡಿಗಳ ಬೀದಿ. ಭಾವ ಕೊನೆಯವರೆಗೂ ನೇರ ಹೋದರು, ಒಂದೇ ಕೈಯಲ್ಲಿ. ಗೋಡೆ ಮುಖಕ್ಕೆ ಬಂತು ಎನ್ನುವಾಗ ಎಡಗಡೆಯ ಗಲ್ಲಿಗೆ ತಿರುಗಿಸಿದರು. ಹಿಂದೆ ಬ್ರೇಕಿನ ಕಿರುಚಾಟ. ತಗಡಿನ ರಾಶಿ ಉರುಳಿದ ಸದ್ದು. ಸೈರನ್ ಸ್ವಲ್ಪ ಹೊತ್ತು ಅಲ್ಲೇ ಬಡಿದುಕೊಂಡಿತು. ಆಮೇಲೆ ಅದೂ ಇಲ್ಲ.

*

ಮುಚ್ಚಿದ ಮುದ್ರಣಾಲಯದ ಹಿಂದೆ ಸ್ಕೂಟರ್ ನಿಲ್ಲಿಸಿದರು. ಕೈ ಊದಿತ್ತು. ನನ್ನ ಕರ್ಚೀಫಿನಿಂದ ಕಟ್ಟಿದೆ.

"ಸಿಕ್ತಾ?" ಎಂದರು.

"ಸಿಕ್ತು."

"ಮ್ಯಾನೇಜರಂದು?"

"ಅವನದೂ."

ಗಂಟು ಹಾಕುತ್ತಿದ್ದ ನನ್ನ ಬೆರಳುಗಳನ್ನೇ ನೋಡಿದರು. ನಾನೂ ಗಂಟನ್ನೇ ನೋಡಿದೆ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಅಜ್ಜಿ ಮಾತಾಡ್ತಾನೇ ಇದ್ಲು ಕಣೋ," ಎಂದರು. "ಮೊಮ್ಮಗಳ ಮದುವೆ ವಿಷಯ. ಇಷ್ಟು ಚೆನ್ನಾಗಿ ಮಾತಾಡ್ತಾಳಲ್ಲ, ಸೇತುವೆ ದಾಟಿದ್ರೆ ಏನಾಗುತ್ತೆ ಅಂದ್ಕೊಂಡೆ... ಸೇತುವೆ ಮೇಲೆ ಸುಮ್ಮನಾದ್ಲು."

ಬೈಯಬಹುದಿತ್ತು. ಅಳಬಹುದಿತ್ತು. ಎರಡೂ ಬರಲಿಲ್ಲ.

"ನಿಮ್ಮ ನಂಬರನ್ನ ತೆಗೆಯೋಕೆ ನೋಡಿದೆ, ಭಾವ. ಆಗಲ್ಲ. ತೆಗೆದ್ರೆ ಉಳಿದದ್ದೂ ನಿಲ್ಲಲ್ಲ."

ಅವರು ತಲೆಯಾಡಿಸಿದರು. ಅವರಿಗೆ ಸಹಿಯ ಲೆಕ್ಕಾಚಾರ ಗೊತ್ತಿರಲಿಲ್ಲ. ಉಳಿದದ್ದು ಗೊತ್ತಾಯಿತು.

"ನಿಮ್ಮಕ್ಕನಿಗೆ..." ಎಂದು ಶುರು ಮಾಡಿದರು. ಸ್ಕೂಟರಿನ ಕೀ ನನ್ನ ಕೈಗಿಟ್ಟು, ನೋಯುವ ಕೈಯನ್ನು ಎದೆಗೆ ಒತ್ತಿಕೊಂಡು, ಮನೆಯ ಕಡೆ ನಡೆದುಕೊಂಡು ಹೋದರು. ಓಡಿಹೋಗಲಿಲ್ಲ.

ನಾನು ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ಮೇಡಂ ಪೆನ್‌ಡ್ರೈವ್ ತಿರುಗಿಸಿ ಮುರುಗಿಸಿ ನೋಡಿದರು.

"ಇದರಲ್ಲಿ ಯಾರ್ಯಾರಿದಾರೆ?"

"ಎಲ್ಲರೂ ಇದಾರೆ."

"ನಿಮಗೆ ಬೇಕಾದವರು ಯಾರಾದ್ರೂ?"

"ಓದಿ ಮೇಡಂ. ಎಲ್ಲಾ ಬರೆದಿದೆ."

ಮ್ಯಾನೇಜರನನ್ನು ಅವನ ಆಫೀಸಿನಲ್ಲೇ ಹಿಡಿದರು. ಜ್ಯಾಕ್ ಆಸ್ಪತ್ರೆಯಲ್ಲಿದ್ದ, ಹತ್ತಿರದ್ದರಲ್ಲಿ. ಪ್ಯಾಕೇಜ್ ಬರೆದ ಅಚ್ಚುಕಟ್ಟಿನವನನ್ನು ಬೇರೊಂದು ಊರಿನಿಂದ ಕರೆತಂದರು. ಅವನು ಮೊದಲು ಕೇಳಿದ ಪ್ರಶ್ನೆ, "ಹೊಸ ಡೇಟಾಬೇಸಿನ ಜೊತೆ ಅದು ಸರಿಯಾಗಿ ಕೆಲಸ ಮಾಡ್ತಾ?"

ಭಾವನನ್ನು ಮನೆಯಿಂದಲೇ ಕರೆದುಕೊಂಡು ಹೋದರು. ಆಗ ಅವರು ಪಟ್ಟಿ ಕಟ್ಟಿದ ಕೈಯಲ್ಲೇ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದರಂತೆ.

ಅಕ್ಕನ ಮನೆಗೆ ಈಗಲೂ ಹೋಗುತ್ತೇನೆ. ಮೊನ್ನೆ ಮಧ್ಯಾಹ್ನವೂ ಹೋಗಿದ್ದೆ. ಊಟ ಬಡಿಸಿದಳು. ಎದುರಿಗೆ ಕುಳಿತಳು. ಪೆನ್‌ಡ್ರೈವ್ ಕೊಟ್ಟವರು ಯಾರೆಂದು ಭಾವ ಅವಳಿಗೂ ಹೇಳಿರಲಿಲ್ಲ.

"ಎಲ್ಲಾ ಸರಿಹೋಗ್ತಿತ್ತು ಕಣೋ. ಯಾವನೋ ಅದನ್ನ ತಗೊಂಡು ಹೋಗಿ ಠಾಣೆಗೆ ಕೊಟ್ನಂತೆ. ಅವನ ಕೈ ಸೇದಿಹೋಗ! ಅವನಿಗೂ ಅಕ್ಕ ತಂಗಿ ಇಲ್ವಾ?"

ನಾನು ತಟ್ಟೆ ನೋಡಿದೆ.

"ಯಾರು ಅಂತ ನಿನಗಾದ್ರೂ ಗೊತ್ತಾಯ್ತೇನೋ?"

"ಇನ್ನು ಸ್ವಲ್ಪ ಅನ್ನ ಹಾಕಕ್ಕ."

ಹಾಕಿದಳು. ಉಂಡೆ. ತಟ್ಟೆ ತೊಳೆದಿಟ್ಟೆ. ಬಾಗಿಲವರೆಗೂ ಬಂದು, ನೀನೊಬ್ಬ ಇದ್ದೀಯಲ್ಲ, ಅಷ್ಟು ಸಾಕು ಎಂದಳು.

ಕೊಟ್ಟವನು ನಾನೇ ಎಂದು ನಾನು ಅವಳಿಗೆ ಹೇಳಲಿಲ್ಲ.